ಗೂಡಲೂರಿನಿಂದ ಆನೆ ಸಾಕಲು ಆಫ್ರಿಕಾಕ್ಕೆ

ನನ್ನ ಚಿಕ್ಕಮ್ಮನಿಗೆ ಕಾಡುಪ್ರಾಣಿಗಳೆಂದರೆ ಪ್ರಾಣ ಎಂದು ನಾನೇನಾದರೂ ಹೇಳಿದರೆ, ಮೊದಲು ನಗುವುದು ಕಾಡುಪ್ರಾಣಿಗಳೇ! ಗೂಡಲೂರಿನಿಂದ ಪಂದಲೂರಿಗೆ ಹೋಗುವ ದಾರಿಯಲ್ಲಿ, ಟೀ ಗಿಡಗಳ ನಡುವೆ, ಹಲಸಿನ ಮರವೊಂದಕ್ಕೆ ಒರಗಿದಂತಿರುವ ಆಕೆಯ ಮನೆಯಂಗಳದಿಂದ ಓಡಿಸಿಕೊಳ್ಳದ ಪ್ರಾಣಿ ಆ ಸೀಮೆಯಲ್ಲೇ ಇಲ್ಲ. ಕೋತಿಗೆ ಕಲ್ಲು, ಹಂದಿಗೆ ಪಟಾಕಿ, ಮುಳ್ಳುಹಂದಿಗೆ ಬೈಗುಳ, ಆನೆಗೆ ಎಣ್ಣೆ ಡಬ್ಬದ ಸದ್ದು. ಅವರವರ ಅಂತಸ್ತಿಗೆ ತಕ್ಕ ಸತ್ಕಾರ. ಒಮ್ಮೆ ಕೋಳಿಗೂಡಿನ ಹತ್ತಿರ ಚಿರತೆ ಕೂತಿದ್ದಾಗ ಚಿಕ್ಕಮ್ಮ ಅದರ ಮುಖಕ್ಕೆ ಪಾತ್ರೆ ತೊಳೆದ ನೀರು ಎರಚಿದಳಂತೆ. ಅದು ಚಿರತೆಯಲ್ಲ, ಪಕ್ಕದ ಮನೆಯ ದೊಡ್ಡ ಬೆಕ್ಕು ಎನ್ನುತ್ತಾರೆ ಚಿಕ್ಕಪ್ಪ. ನಾನಂತೂ ಅಲ್ಲಿರಲಿಲ್ಲ. ಆದರೂ ನನ್ನ ನೆನಪಿನಲ್ಲಿ ಆ ಚಿರತೆಯ ಮೀಸೆಯಿಂದ ಸಾರಿನ ಕರಿಬೇವಿನ ಎಲೆಯೊಂದು ನೇತಾಡುತ್ತಿದೆ. ನನ್ನ ನೆನಪನ್ನು ಎಷ್ಟು ನಂಬಬೇಕೆಂದು ನೀವೇ ತೀರ್ಮಾನಿಸಿ!

ಇಂಥ ಚಿಕ್ಕಮ್ಮ ಅರವತ್ತು ತುಂಬಿದ ಮೇಲೆ, ಒಂದು ವರ್ಷ ಆಫ್ರಿಕಾಕ್ಕೆ ಹೋಗಿ ತಾಯಿ ಸತ್ತ ಆನೆಮರಿಗಳನ್ನು ನೋಡಿಕೊಳ್ಳುತ್ತೇನೆಂದು ಹೊರಟಳು.

ಹೀಗಾಗಲು ಕಾರಣ ಪಕ್ಕದ ಮನೆ. ಅಲ್ಲಿರುವ ಮಲಯಾಳಿ ಹೆಂಗಸನ್ನು ನಾವೆಲ್ಲ ಚೇಚಿ ಎನ್ನುತ್ತೇವೆ, ಅಂದರೆ ಅಕ್ಕ. ಆಕೆ ನನ್ನ ಚಿಕ್ಕಮ್ಮನನ್ನೂ ಚೇಚಿ ಎನ್ನುತ್ತಾಳೆ. ಇಬ್ಬರಲ್ಲಿ ಯಾರು ದೊಡ್ಡವರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಈ ಚೇಚಿ ತನ್ನ ಮನೆಯ ಒಂದು ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾಳೆ. ಅಲ್ಲಿಗೆ ಯೂರೋಪಿನ ಕಡೆಯ ಹುಡುಗಿಯೊಬ್ಬಳು ಬಂದು ಇಳಿದಳು. ಚಿಕ್ಕಮ್ಮ ಆಗಷ್ಟೇ ನಿವೃತ್ತಿಯಾಗಿದ್ದಳು. ಸಣ್ಣ ಬೆಳೆಗಾರರು ತಂದ ಟೀ ಎಲೆಯನ್ನು ತೂಕ ಹಾಕುವ ಕೇಂದ್ರದಲ್ಲಿ ಕೂತು, ಬಲಿತ ಎಲೆ ತಂದವರನ್ನೆಲ್ಲ ವಾಪಸ್ ಕಳಿಸುವುದು ಅವಳ ಕೆಲಸವಾಗಿತ್ತು. ವಾಪಸ್ ಕಳಿಸಲು ಯಾರೂ ಇಲ್ಲದೆ ಕೈಕಾಲು ಆಡದೆ ಕೂತಿದ್ದ ಕಾಲ ಅದು. ಬೇಲಿಯಾಚೆ ಹುಡುಗಿ ಕಂಡಳು. ಇವಳಿಗೆ ಬರುವ ಇಂಗ್ಲಿಷಿನಲ್ಲಿ, ಅವಳಿಗೆ ಬರುವ ಕೈಸನ್ನೆಯಲ್ಲಿ ಮಾತುಕತೆ ನಡೆಯಿತು. ಮರುದಿನ ನನಗೆ ಫೋನು.

"ಅಲ್ಲ ಕಣೇ, ಆ ಹುಡುಗಿ ವಿಮಾನ ಹತ್ಕೊಂಡು ಬಂದು ಇಲ್ಲಿನ ಆನೆ ಕ್ಯಾಂಪಲ್ಲಿ ಲದ್ದಿ ಬಾಚ್ತಾಳೆ! ಮುಂದೆ ಆಫ್ರಿಕಾಕ್ಕೆ ಹೋಗಿ ತಾಯಿ ಇಲ್ಲದ ಆನೆಮರಿ ಸಾಕ್ತಾಳಂತೆ. ಯಾಕಮ್ಮಾ ಅಂದ್ರೆ ಗ್ಯಾಪ್ ಇಯರ್ ಅಂತೆ. ಪ್ಲಸ್ ಟೂ ಮುಗಿಸಿ ಕಾಲೇಜಿಗೆ ಸೇರೋಕೆ ಮುಂಚೆ ಒಂದು ವರ್ಷ ಹೀಗೆ ಹೋಗ್ತಾರಂತೆ. ನಂದೂ ಪ್ಲಸ್ ಟೂ ಆಗಿದೆ. ಕಾಲೇಜಿಗೆ ಇನ್ನೂ ಸೇರಿಲ್ಲ!"

ತರ್ಕದಲ್ಲಿ ದೋಷವಿರಲಿಲ್ಲ.

"ಹಾಗಾದ್ರೆ ಇಲ್ಲೇ ಲದ್ದಿ ಬಾಚು ಚಿಕ್ಕಮ್ಮ. ನಿನ್ನ ಅಂಗಳದಲ್ಲೇ ಬೇಕಾದಷ್ಟು ಬಿದ್ದಿರುತ್ತಲ್ಲ."

"ಅದು ಮನೆಗೆಲಸ ಕಣೇ ಪೆದ್ದಿ. ಇದು ಸೇವೆ!"

ಚಿಕ್ಕಪ್ಪನಿಗೆ ಗೂಡಲೂರು ಪೇಟೆಯಲ್ಲಿ ಶುಂಠಿ ವ್ಯಾಪಾರ. ಅವರ ಅಜ್ಜ ಗುಂಡ್ಲುಪೇಟೆಯ ಕಡೆಯಿಂದ ಘಟ್ಟ ಹತ್ತಿ ಬಂದವರು. ಇವರಿಗೆ ಈಗಲೂ ಗುಂಡ್ಲುಪೇಟೆಗೆ ಹೋಗುವುದೇ ವಿದೇಶ ಪ್ರಯಾಣ. ವಿಷಯ ಕೇಳಿದವರೇ ಒಂದು ಮಾತು ಹೇಳಿದರು:

"ವಯಸ್ಸಾದ ಕಾಲದಲ್ಲಿ ಆನೆ ಕಾಲಿಗೆ ಸಿಕ್ಕಿ ಸಾಯೋಕೆ ಆಫ್ರಿಕಾಕ್ಕೆ ಯಾಕ್ ಹೋಗ್ಬೇಕು? ಆ ಸೌಕರ್ಯ ಇಲ್ಲೇ ಇದೆಯಲ್ಲ!"

ಅದೇ ಕೊನೆ. ಅಂದಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟರು. ಅವರ ಮೌನ ಸುಮ್ಮನೆ ಇರುವ ಮೌನವಲ್ಲ, ಬಹಳ ಮಾತಾಡುವ ಮೌನ. ಎದುರಿಗೆ ಯಾರಿದ್ದರೂ ಅವರ ಮೂಲಕ ಹೇಳಿಸುತ್ತಿದ್ದರು. "ಸಾರಿಗೆ ಉಪ್ಪು ಕಮ್ಮಿ ಅಂತ ನಿಮ್ಮ ಚಿಕ್ಕಮ್ಮಂಗೆ ಹೇಳು." ಊಟಿಯಿಂದ ರಜೆಗೆ ಹೋದ ನಾನು ತಿರುಗಿ ಹೇಳಬೇಕು, ಆಕೆ ನನಗೆ ಉತ್ತರ ಕೊಡಬೇಕು, ನಾನು ಇತ್ತ ತಿರುಗಬೇಕು. ಊಟದ ಹೊತ್ತಿಗೆ ನನ್ನ ಕತ್ತು ಉಳುಕುತ್ತಿತ್ತು! ಯಾರೂ ಇಲ್ಲದಿದ್ದರೆ ಕ್ಯಾಲೆಂಡರಿಗೆ ಹೇಳುತ್ತಿದ್ದರಂತೆ.

"ನೀನು ಸುಮ್ನೆ ಹೊರಟುಬಿಡು ಚಿಕ್ಕಮ್ಮ," ಎಂದೆ. "ದುಡ್ಡು ನಿಂದೇ ಇದೆ. ಯಾರನ್ನ ಕೇಳ್ಬೇಕು?"

"ದುಡ್ಡು ನಂದು, ಕಾಲೂ ನಂದೇ. ಅವರ ಅಪ್ಪಣೆಗೆ ಕಾಯ್ತಿಲ್ಲ ನಾನು. ಆದ್ರೆ ಮುನಿಸು ತುಂಬಿದ ಮನೆಯಿಂದ ಹೊರಟ್ರೆ ದಾರಿ ಉದ್ದಕ್ಕೂ ಬೆನ್ನು ಉರೀತಿರುತ್ತೆ. ಆ ಮನುಷ್ಯ ನನ್ನ ಮುಖ ನೋಡಿ 'ಹೋಗು' ಅನ್ನೋವರೆಗೂ ಹೊಸಲು ದಾಟಲ್ಲ."

ಹೀಗೆ ಆಫ್ರಿಕಾದ ಆ ಒಂದು ವರ್ಷ ಒಂದು ಮಾತಿಗಾಗಿ ಕಾದು ಕೂತಿತು. ಕಾಯುವಾಗ ಸುಮ್ಮನಿರುವ ಹೆಂಗಸೇ ಅದು? ತಯಾರಿ ಶುರು!

ಮೊದಲನೆಯದು ನಡಿಗೆ. ಅಲ್ಲಿ ಭಾರ ಹೊತ್ತು ನಡೆಯಬೇಕಾಗುತ್ತದೆಂದು ಯಾರೋ ಹೇಳಿದರು. ನನ್ನ ಹಳೆಯ ಬೆನ್ನುಚೀಲಕ್ಕೆ ಹತ್ತು ಕಿಲೋ ಅಕ್ಕಿ ತುಂಬಿಕೊಂಡು ಬೆಳಬೆಳಿಗ್ಗೆಯೇ ರಸ್ತೆಗೆ ಇಳಿದಳು. ಅಕ್ಕಿಯ ವಾಸನೆಗೆ ಅಡುಗೆಮನೆಯ ಗೋಡೆ ಕೆಡಹುವ ಆನೆಗಳಿರುವ ಊರಿನಲ್ಲಿ, ಆನೆ ದಾಟುವ ದಾರಿಯಲ್ಲೇ, ಬೆನ್ನ ಮೇಲೆ ಅಕ್ಕಿ! ಬೇಲಿಯಾಚೆಯಿಂದ ಚೇಚಿ ಕೂಗಿಕೊಂಡಳು.

"ಅಯ್ಯೋ ಚೇಚೀ, ಆನೆಗೆ ಹೋಂ ಡೆಲಿವರಿ ಮಾಡ್ತೀರಾ?"

ಅಕ್ಕಿ ಹೋಗಿ ಹಳೆಯ ತೂಕದ ಕಲ್ಲುಗಳು ಬಂದವು. ಮೂರನೆಯ ತಿರುವಿನಲ್ಲಿ ಪರಿಚಯದ ಜೀಪಿನವನು ನಿಲ್ಲಿಸಿದ.

"ಎನ್ನಕ್ಕಾ, ಮನೇಲಿ ಜಗಳಾನಾ? ಹತ್ತಿ, ಬಸ್ ಸ್ಟ್ಯಾಂಡಿಗೆ ಬಿಡ್ತೀನಿ."

"ಜಗಳ ಇಲ್ಲಪ್ಪ. ಟ್ರೈನಿಂಗು."

"ಎಂಥಾ ಟ್ರೈನಿಂಗು?"

"ಆನೆ ಸಾಕೋಕೆ."

ಅವನು ಆಕೆಯನ್ನೊಮ್ಮೆ, ಮೇಲಿನ ಕಾಡನ್ನೊಮ್ಮೆ ನೋಡಿ, ಗೇರ್ ಹಾಕಿದನಂತೆ. ಸಂಜೆಯೊಳಗೆ, ಶುಂಠಿ ಸಾಹುಕಾರರ ಹೆಂಡತಿ ಗಂಡನನ್ನು ಬಿಟ್ಟು ಕಾಡು ಸೇರಿದಳೆಂಬ ಸುದ್ದಿ ಪೇಟೆಯನ್ನು ಮುಟ್ಟಿತ್ತು. ಚಿಕ್ಕಪ್ಪ ಅದನ್ನು ಅಲ್ಲಗಳೆಯಲಿಲ್ಲ. ಅವರ ಪ್ರಕಾರ ಅದು ಅರ್ಧ ನಿಜವೇ ಆಗಿತ್ತು.

ಎರಡನೆಯದು ಹಾಲು ಕುಡಿಸುವ ಅಭ್ಯಾಸ. ಆನೆಮರಿಗಳಿಗೆ ಬಾಟಲಿಯಲ್ಲಿ ಹಾಲು ಕೊಡಬೇಕಲ್ಲ? ಚೇಚಿಯ ಆಡಿನ ಮರಿಯೊಂದನ್ನು ಆರಿಸಿಕೊಂಡು, ಬಾಟಲಿ ಹಿಡಿದು ಹೊರಟಳು. ಆದರೆ ಆ ಮರಿ ಚಿಕ್ಕಮ್ಮನ ಕೈಯಲ್ಲಿ ಇದುವರೆಗೆ ಕಂಡಿದ್ದು ಪೊರಕೆ ಮಾತ್ರ. ಕೈ ಎತ್ತಿದ್ದೇ ತಡ, ಓಟ! ಇವಳೂ ಹಿಂದೆಯೇ. ಟೀ ಗಿಡಗಳ ನಡುವೆ ಮುಂದೆ ಆಡು, ಹಿಂದೆ ಬಾಟಲಿ. ಅಟ್ಟಿಸಿಕೊಂಡು ಹೋಗಿ ಹಾಲು ಕುಡಿಸುವುದನ್ನು ನಾನು ಮೊದಲ ಸಲ ನೋಡಿದೆ. ಕೊನೆಗೆ ಚೇಚಿಯೇ ಕೈಮುಗಿದಳು.

"ಸಾಕು ಚೇಚೀ. ನನ್ನ ಆಡಿಗೆ ಪೇಡಿ, ಭಯ ಹಿಡೀತು. ನಿಮ್ಮ ದನಿ ಕೇಳಿದ್ರೇ ನಡುಗ್ತದೆ!"

ಅಂದು ಚಿಕ್ಕಮ್ಮ ಸ್ವಲ್ಪ ಮಂಕಾಗಿದ್ದಳು. ಆ ಮಂಕನ್ನು ನಾನು ಆಗ ಗಮನಿಸಿದೆನೋ ಅಥವಾ ಮುಂದಿನದು ಗೊತ್ತಾದ ಮೇಲೆ ಹಿಂದಕ್ಕೆ ಹೋಗಿ ಸೇರಿಸಿದೆನೋ, ಪ್ರಮಾಣ ಮಾಡಿ ಹೇಳಲಾರೆ.

ಆಮೇಲೆ ಆನೆಮರಿ ಸಾಕುವ ಆ ಆಫ್ರಿಕಾದ ಕೇಂದ್ರದವರ ಸಂದರ್ಶನ. ಫೋನಿನ ಪರದೆಯ ಮೇಲೆ. ಊಟಿಯ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ನನ್ನನ್ನು ದುಭಾಷಿಯಾಗಿ ಕರೆಸಿಕೊಂಡಳು. ನಡುವಟ್ಟಂ ಘಟ್ಟದ ತಿರುವುಗಳನ್ನು ಇಳಿದು ಬಂದು ನೋಡಿದರೆ, ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಹೆಣ್ಣು ತೋರಿಸುವ ಶಾಸ್ತ್ರಕ್ಕೆ ಕೂತಂತೆ ಕೂತಿದ್ದಾಳೆ! ಚಿಕ್ಕಪ್ಪ ಒಳಗಿನ ಕೋಣೆಯಲ್ಲಿ ಬಿತ್ತನೆಯ ಶುಂಠಿಯ ಮಣ್ಣು ಕೊಡವುತ್ತ, ಏನನ್ನೂ ಕೇಳಿಸಿಕೊಳ್ಳದವರಂತೆ ಬಹಳ ಗಮನವಿಟ್ಟು ಕೂತಿದ್ದರು.

ಪರದೆಯಲ್ಲಿ ಅಗಲ ಟೋಪಿಯ ಹೆಂಗಸೊಬ್ಬಳು ಮೂಡಿದಳು. ಮೊದಲ ಪ್ರಶ್ನೆ: ಕಾಡುಪ್ರಾಣಿಗಳ ಜೊತೆ ಅನುಭವ ಇದೆಯೇ?

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ತಾನೇ ಇಂಗ್ಲಿಷಿನಲ್ಲಿ ಹೇಳಿದಳು: "ನೋ, ಮೇಡಂ. ನೋ ಎಕ್ಸ್‌ಪೀರಿಯೆನ್ಸ್."

ನಾನು ಹಣೆ ಚಚ್ಚಿಕೊಂಡೆ. ಸರಿಯಾಗಿ ಆಗಲೇ ಹಿತ್ತಿಲಲ್ಲಿ ಹಲಸಿನ ಕೊಂಬೆ ಮುರಿದ ಸದ್ದು. (ಆನೆ ಬಂದದ್ದು ಹಿಂದಿನ ದಿನ ಎಂದು ಚೇಚಿ ವಾದಿಸುತ್ತಾಳೆ. ಇರಬಹುದು. ಎರಡು ದಿನಗಳನ್ನು ನಾನು ಒಂದಾಗಿ ಹೊಲಿದಿರಬಹುದು. ಆದರೆ ಟೋಪಿಯ ಹೆಂಗಸಿನ ಮುಖ ನನಗೆ ಚೆನ್ನಾಗಿ ನೆನಪಿದೆ, ಆನೆ ಇಲ್ಲದೆ ಆ ಮುಖ ಹಾಗಾಗಲು ಸಾಧ್ಯವಿಲ್ಲ!) ಒಳಗೆ ಚಿಕ್ಕಪ್ಪ ಎದ್ದು, ಮಳೆ ಬಂದರೆ ಮುಚ್ಚುವ ಹಾಗೆ ಕಿಟಕಿ ಮುಚ್ಚಿ ಮತ್ತೆ ಕೂತರು. ಚಿಕ್ಕಮ್ಮ "ಒನ್ ಮಿನಿಟ್ ಮೇಡಂ" ಎಂದವಳೇ ಎಣ್ಣೆ ಡಬ್ಬ ತೆಗೆದುಕೊಂಡು ಹಿತ್ತಿಲ ಜಗುಲಿಗೆ ಹೋದಳು. ಡಬ್ಬದ ಸದ್ದಿನ ನಡುವೆ ಅವಳ ದನಿ ಕೇಳುತ್ತಿತ್ತು.

"ಹೋಗು ಸಾಮಿ, ಹೋಗಪ್ಪಾ! ಒಳಗೆ ಇಂಟರ್ವ್ಯೂ ನಡೀತಿದೆ, ನನ್ನ ಮಾನ ಕಳೀಬೇಡ. ಪೋ ಸಾಮೀ ಪೋ! ನಾಳೆ ಬಾರದ ಹಾಗೆ ಹೋಗು!"

ತೆರೆದೇ ಇದ್ದ ಗೇಟಿನಿಂದ ಆನೆ ಹೊರಟುಹೋಯಿತು. ಚಿಕ್ಕಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು ಬಂದು ಕೂತು, "ಸಾರಿ ಮೇಡಂ, ಹೌಸ್ ವರ್ಕ್" ಎಂದಳು.

ಟೋಪಿಯ ಹೆಂಗಸು ಕುರ್ಚಿಯ ತುದಿಗೆ ಬಂದಿದ್ದಳು. ಅದು ಕಾಡಾನೆಯಲ್ಲವೇ ಎಂದು ಕೇಳಿದಳು.

"ಅದಾ? ಅದು ನಮ್ಮ ಹಲಸಿನ ಮರದ್ದು," ಎಂದಳು ಚಿಕ್ಕಮ್ಮ. ನಾನು ಅನುವಾದಿಸಿದೆ.

ಗೇಟು ಯಾಕೆ ತೆರೆದಿತ್ತು ಎಂಬುದು ಮುಂದಿನ ಪ್ರಶ್ನೆ.

"ಮುಚ್ಚಿದ್ರೆ ಗೇಟೂ ಹೋಗುತ್ತೆ ಅಂತ ಹೇಳು. ತೆರೆದಿಟ್ರೆ ಬರೀ ಆನೆ ಹೋಗುತ್ತೆ."

ಆ ಹೆಂಗಸು ಬಿದ್ದು ಬಿದ್ದು ನಕ್ಕಳು. ಕೆಲಸ ಆಯಿತೆಂದುಕೊಂಡೆ. ಆಮೇಲೆ ಆಕೆ ತನ್ನ ಫೋನನ್ನು ಹೊರಗೆ ತಿರುಗಿಸಿದಳು. ಕೆಂಪು ಮಣ್ಣಿನ ಅಂಗಳ. ಮೂಲೆಯಲ್ಲಿ ಆನೆಮರಿಯೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ತಾಯಿ ಸತ್ತ ಮೇಲೆ ತಂದದ್ದಂತೆ. ಯಾರ ಹತ್ತಿರವೂ ಬರುವುದಿಲ್ಲವಂತೆ, ಹಾಲು ಮುಟ್ಟುವುದಿಲ್ಲವಂತೆ. ಇಲ್ಲಿಗೆ ಬಂದವರ ಮೊದಲ ಕೆಲಸ ಇಂಥವನ್ನು ಹತ್ತಿರ ಕರೆಯುವುದು. ನೀವು ಹೇಗೆ ಕರೆಯುತ್ತೀರಿ, ಕರೆದು ತೋರಿಸಿ ಎಂದಳು.

ಚಿಕ್ಕಮ್ಮ ಬಾಯಿ ತೆರೆದಳು, ಮುಚ್ಚಿದಳು. ನನಗೆ ನಗು ಬಂತು. ಮುಖ ನೋಡಿ ನಿಲ್ಲಿಸಿದೆ.

"ನಂಗೆ 'ಹೋಗು' ಅನ್ನೋಕೆ ಮಾತ್ರ ಬರುತ್ತೆ ಕಣೇ," ಎಂದಳು ಮೆಲ್ಲಗೆ. "ಕನ್ನಡದಲ್ಲಿ, ತಮಿಳಲ್ಲಿ, ಮಲಯಾಳದಲ್ಲಿ ಎಲ್ಲಾದ್ರಲ್ಲೂ ಬರುತ್ತೆ. ಹುಟ್ಟಿದಾಗಿಂದ ಬಾಗಿಲಿಗೆ ಬಂದದ್ದನ್ನೆಲ್ಲ ಹೋಗು ಹೋಗು ಅಂತಾನೇ ಕಳಿಸಿದೀನಿ. ತಪ್ಪು ಅಂತಲ್ಲ. ಬಾ ಅಂದ್ರೆ ಮನೆ ಉಳೀತಿತ್ತಾ? ಮರಿ ಜೊತೆ ಬಂದ ತಾಯೀನೂ ಕಳಿಸಿದೀನಿ. ಅದು ಹಿಂದೆ ಹಿಂದೆ ತಿರುಗಿ ನೋಡ್ಕೊಂಡು ಹೋಗೋದು. ಆಗೆಲ್ಲ ಅನ್ಕೊಳ್ತಿದ್ದೆ, ಸಾಯೋದ್ರೊಳಗೆ ಒಂದು ವರ್ಷ, ಎಲ್ಲಾದ್ರೂ, ಒಂದಕ್ಕಾದ್ರೂ 'ಬಾ' ಅನ್ಬೇಕು ಅಂತ."

ಇದನ್ನು ನಾನು ಬಹಳ ಸೊಗಸಾಗಿ ಇಂಗ್ಲಿಷಿಗೆ ತಂದೆನೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ಬಹುಶಃ ಸುಳ್ಳು.

ಚಿಕ್ಕಮ್ಮ ಫೋನಿನ ಹತ್ತಿರ ಬಾಗಿದಳು. ಎಲೆ ವಾಪಸ್ ಕಳಿಸಿದ ದನಿ, ಆಡನ್ನು ನಡುಗಿಸಿದ ದನಿ, ಅದನ್ನೆಲ್ಲ ಎಲ್ಲೋ ಇಳಿಸಿಟ್ಟು ಬಂದವಳಂತೆ ಕರೆದಳು.

"ಬಾರೋ ಕಂದಾ... ಬಾ... ಏನೂ ಮಾಡಲ್ಲ, ಬಾ."

ಮರಿಯ ಒಂದು ಕಿವಿ ಏಳತೊಡಗಿತು. ಅಷ್ಟರಲ್ಲಿ ನಮ್ಮ ಗೂಡಲೂರಿನ ನೆಟ್‌ವರ್ಕ್ ತನ್ನ ಬುದ್ಧಿ ತೋರಿಸಿತು! ಅರ್ಧ ಎತ್ತಿದ ಕಿವಿಯೊಂದಿಗೆ ಪರದೆ ಕಲ್ಲಾಗಿ ನಿಂತಿತು. ಅದು ತಿರುಗಿತ್ತು ಎನ್ನುತ್ತಾಳೆ ಚಿಕ್ಕಮ್ಮ. ತಿರುಗುವುದರಲ್ಲಿತ್ತು ಎನ್ನುತ್ತೇನೆ ನಾನು. ಆಯ್ಕೆಯಾದ ಸುದ್ದಿ ಆಮೇಲೆ, ಬೇರೊಂದು ದಿನ ಬಂತು. ಆದರೆ ಅದಕ್ಕೂ ಮೊದಲು ಆಗಬೇಕಾದದ್ದು ಅಲ್ಲೇ ಆಯಿತು.

ಒಳಗಿನ ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದರು, ಕೈತುಂಬ ಶುಂಠಿಯ ಮಣ್ಣು.

"ಕರೆದ್ಯಾ?" ಎಂದರು. ನನ್ನನ್ನಲ್ಲ, ನನ್ನ ಮೂಲಕವೂ ಅಲ್ಲ, ನೇರವಾಗಿ ಆಕೆಯನ್ನೇ.

"ನಿಮ್ಮನ್ನಲ್ಲರೀ. ಇದನ್ನ."

ಅವರು ಕೈ ಪಂಚೆಗೆ ಒರೆಸಿಕೊಂಡು ಬಂದು, ಕನ್ನಡಕ ಏರಿಸಿ, ನಿಂತುಹೋದ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇಷ್ಟೇ ಇಷ್ಟಿದೆ," ಎಂದರು. ಆಮೇಲೆ ಆಕೆಯ ಪಕ್ಕದಲ್ಲಿ ಕೂತರು.

"ಇನ್ನೊಂದ್ಸಲ ಕರಿ."

"ಲೈನ್ ಕಟ್ಟಾಗಿದೆ. ಅದಕ್ಕೆ ಕೇಳ್ಸಲ್ಲ."

"ಅದಕ್ಕಲ್ಲ. ನಂಗೆ ಕೇಳ್ಬೇಕು."

ಚಿಕ್ಕಮ್ಮ ನನ್ನ ಕಡೆ ನೋಡಿ ನಾಚಿದಳು. ಫೋನಿನ ಕಡೆ ತಿರುಗಿ, ಇನ್ನೂ ಸಣ್ಣ ದನಿಯಲ್ಲಿ ಇನ್ನೊಮ್ಮೆ ಕರೆದಳು. ಚಿಕ್ಕಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡರು. ಉಗುರಿನ ಸಂದಿನ ಮಣ್ಣು ತೆಗೆಯುತ್ತ ಕೂತರು. ಕೊನೆಗೆ ತಲೆ ಎತ್ತಿ ಆಕೆಯ ಮುಖ ನೋಡಿದರು.

"ಬರುತ್ತೆ," ಎಂದರು. "ಹೀಗೆ ಕರೆದ್ರೆ ಬರದೇ ಇರುತ್ತಾ? ಹೋಗು ನೀನು."