ಸೋದರಮಾವನೂ ಸಾಯಲೊಪ್ಪದ ಕೋಶಗಳೂ

ನನ್ನ ಸೋದರಮಾವನ ಹತ್ತಿರ ಐದು ನಿಮಿಷ ಮಾತಾಡಿದವರು, ತಾವಿನ್ನೂ ಬದುಕಿದ್ದೇವೆಯೇ ಎಂದು ಮೈ ಮುಟ್ಟಿ ನೋಡಿಕೊಳ್ಳದೆ ಎದ್ದದ್ದೇ ಇಲ್ಲ! ಅವರು ಕೊಯಮತ್ತೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಎಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಅವರಿಗೆ ಹಿಡಿದಿದ್ದ ಹುಚ್ಚು ಒಂದೇ: ಜೀವಕೋಶಗಳು ಹೇಗೆ ಸಾಯುತ್ತವೆ? ಮನುಷ್ಯರು ಹೇಗೆ ಬದುಕುತ್ತಾರೆ ಎಂಬ ಚಿಂತೆ ಅವರಿಗಿರಲಿಲ್ಲ.

ಭಾನುವಾರ ಬಂತೆಂದರೆ ಮೆಟ್ಟುಪಾಳ್ಯಂ ಬಸ್ಸು ಹಿಡಿದು, ತಮಿಳು ಬೆರೆತ ಕನ್ನಡವಾಡುವ ನಮ್ಮ ನೇಕಾರರ ಮನೆಗೆ ಹಾಜರು. ಎಲೆಯ ಮುಂದೆ ಕೂತ ಕೂಡಲೇ ಪಾಠ.

"ಕೋಶ ಸುಮ್ನೆ ಸಾಯಲ್ಲ. ಸಾಯಾಕೆ ಅಂತ ಬೇರೆ ಪ್ರೋಟೀನು ತಯಾರು ಮಾಡ್ತದೆ. ಅದನ್ನ ತಡೆದ್ರೆ ಸಾವೂ ನಿಂತೋಯ್ತದೆ!"

ಅಜ್ಜಿ ಕೈಯ ತುತ್ತು ಕೆಳಗಿಟ್ಟಳು. "ಸಾಯಾಕೂ ಕೆಲ್ಸ ಮಾಡ್ಬೇಕಾ? ಇದೇನ್ ಕಷ್ಟಂಡಾ ಸಾಮಿ!"

ಕೋಶದೊಳಗೆ ಮೈಟೋಕಾಂಡ್ರಿಯ ಎಂಬ ಒಲೆಗಳಿವೆಯಂತೆ. ಕೊಲ್ಲುವ ಪ್ರೋಟೀನು, ಕಾಯುವ ಪ್ರೋಟೀನು ಎರಡೂ ಆ ಒಲೆಯ ಮುಂದೆಯೇ ಜಗಳವಾಡುತ್ತಿರಬೇಕು ಎಂಬುದು ಮಾವನ ಊಹೆ. ಇದು ಯಾವ ಪುಸ್ತಕದಲ್ಲೂ ಇಲ್ಲವೆಂದು ಅವರೇ ಒಪ್ಪುತ್ತಿದ್ದರು. "ಆದ್ರೆ ನಂಗೆ ಒಲೆ ಮೇಲೇ ಸಂದೇಹ" ಎನ್ನುತ್ತಿದ್ದರು.

"ಅಡಿಗೆಮನೆ ಮೇಲೆ ಯಾಕಣ್ಣಾ ಪಳಿ ಹಾಕ್ತೆ? ಅದೇನ್ ತಪ್ಪು ಮಾಡ್ತು?" ಅಮ್ಮ ಸೌಟು ಹಿಡಿದೇ ಕೇಳಿದಳು. ನನಗೋ, ಕೊಲ್ಲುವವರು ಯಾರು, ಕಾಯುವವರು ಯಾರು, ಒಲೆ ಯಾರ ಪಕ್ಷ ಎಂಬುದು ಇವತ್ತಿಗೂ ಗೊಂದಲ.

ಒಮ್ಮೆ ಸಾವಿನ ಮನೆಗೆ ಹೋಗಿದ್ದೆವು. ಅಳುತ್ತಿದ್ದ ಮಗನ ಹೆಗಲ ಮೇಲೆ ಕೈಯಿಟ್ಟು ಮಾವ ಸಮಾಧಾನ ಹೇಳಿದ್ದೇನು ಗೊತ್ತೇ? "ಇದು ಕೋಶ ತಾನಾಗಿ ಸಾಯೋ ಸಾವಲ್ಲಪ್ಪಾ, ಸಾಧಾರಣ ಸಾವು." ಆ ಬೀದಿಯಲ್ಲಿ ನಾವು ಆರು ತಿಂಗಳು ಓಡಾಡಲಿಲ್ಲ!

ಇಷ್ಟರಲ್ಲಿ ಹೆರಿಗೆಗೆ ಬಂದಿದ್ದ ಅಕ್ಕನಿಗೆ ಹೆಣ್ಣು ಹುಟ್ಟಿತು. ಮಗುವಿನ ಬಲಗೈಯ ಎರಡು ಬೆರಳು ಅಂಟಿಕೊಂಡಿದ್ದವು. ಗ್ರಹಣದ ಹೊತ್ತಿನಲ್ಲಿ ಬಸುರಿ ನೂಲಿಗೆ ಗಂಟು ಹಾಕಿದರೆ ಮಗುವಿನ ಮೈಯಲ್ಲಿ ಗಂಟು ಬೀಳುತ್ತದೆ ಎಂಬ ನಂಬಿಕೆ ನಮ್ಮ ಮಗ್ಗದ ಮನೆಗಳಲ್ಲಿತ್ತು. ಗ್ರಹಣದ ಮರುದಿನವೇ ಮಗ್ಗದಿಂದ ಸೀರೆ ಇಳಿಸಬೇಕಿದ್ದರಿಂದ ಅಕ್ಕ ಗ್ರಹಣದಲ್ಲೇ ಹರಿದ ಎಳೆಗಳನ್ನು ಕಟ್ಟಿದ್ದಳು. ಈಗ ಮಗುವಿನ ಕೈಗೆ ಬಟ್ಟೆ ಸುತ್ತಿ ಯಾರಿಗೂ ತೋರಿಸಳು, ನೆಟ್ಟಗೆ ಉಣ್ಣಳು. ಎಲ್ಲವೂ ತನ್ನದೇ ತಪ್ಪೆಂದು ಕೊರಗುತ್ತಿದ್ದಳು.

ತೊಟ್ಟಿಲ ದಿನ ಕುನ್ನತ್ತೂರಿನಿಂದ ಅವಳ ಅತ್ತೆ ಬಂದವರೇ ಮಗುವಿನ ಕೈಯ ಬಟ್ಟೆ ಬಿಚ್ಚಿದರು. "ಗ್ರಹಣದಲ್ಲಿ ನೂಲು ಮುಟ್ಟಿದ್ಯಾ?" ಅಕ್ಕ ತಲೆ ತಗ್ಗಿಸಿದಳು. "ಗಂಟು ಹಾಕ್ದೋಳು ನೀನು, ಅನುಭವಿಸೋದು ಕೂಸು!"

ಮಾವ ಎದ್ದು ನಿಂತರು. ದೇವರೇ, ಇವತ್ತೂ ಒಲೆಯ ಪುರಾಣವೇ? ಅಮ್ಮ ಅವರ ಪಂಚೆ ಹಿಡಿದು ಎಳೆದರೂ ಕೂರಲಿಲ್ಲ.

"ಹೊಟ್ಟೇಲಿರುವಾಗ ಎಲ್ಲಾರ ಕೈಯೂ ಬಾತುಕೋಳಿ ಪಾದದಂಗೇ ಇರ್ತದೆ. ನಿಮ್ದೂ, ನಂದೂ. ನಡುವಿನ ಕೋಶಗಳು ತಾವಾಗಿ ಸತ್ತು ದಾರಿ ಬಿಟ್ರೇನೇ ಬೆರಳು ಬಿಡ್ತದೆ. ಈ ಕೂಸಲ್ಲಿ ನಾಲ್ಕು ಕೋಶ ಸಾಯಲ್ಲ ಅಂತ ನಿಂತ್ಬಿಟ್ಟವು. ಡಾಕ್ಟರು ಬಿಡಿಸ್ತಾರೆ. ಬೆರಳಿನ ಆ ಕೆಲ್ಸ ಎರಡನೇ ತಿಂಗಳಿಗೇ ಮುಗೀತದೆ. ಗ್ರಹಣ ಬಂದಾಗ ಇವಳಿಗೆ ಎಷ್ಟು ತಿಂಗಳು?"

ಅಕ್ಕ ಬೆರಳು ಮಡಿಸಿ ಎಣಿಸಿದಳು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದಳು.

"ಏಳು" ಎಂದವಳು ಗಟ್ಟಿಯಾಗಿ ಅತ್ತುಬಿಟ್ಟಳು.

ಅವಳ ಅತ್ತೆ ತೊಟ್ಟಿಲ ಮೇಲೆ ಬಗ್ಗಿದರು. "ಕೋಶಂ ಗೀಶಂ ನಂಗೆ ಒಣ್ಣೂ ಪುರಿಯಲ್ಲ, ತಲೆಗೇ ಹತ್ತಲ್ಲ. ಆದ್ರೆ ಎರಡಾದ್ಮೇಲೇ ಏಳು ಬರೋದು, ಅದು ಗೊತ್ತು" ಎಂದು ಮಗುವನ್ನು ಎತ್ತಿಕೊಂಡರು. ಆ ಪುಟ್ಟ ಕೈಯನ್ನು ಕೆನ್ನೆಗೊತ್ತಿಕೊಂಡು ಸೊಸೆಯತ್ತ ತಿರುಗಿದರು. "ಬಾ ನನ್ ಕಣ್ಣು, ಮೊದ್ಲು ಉಣ್ಣು."

ಅವತ್ತು ಎಲೆಯ ಮುಂದೆ ಮಾವನ ಪಾಠವಿರಲಿಲ್ಲ. ಅಕ್ಕ ಉಣ್ಣುವುದನ್ನು ನೋಡುತ್ತ, ತಮ್ಮೆಲೆಯ ಅನ್ನ ಆರುತ್ತಿದ್ದರೂ ಹಾಗೇ ಕೂತಿದ್ದರು. ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.