ಡೈರಿ ಯಂತ್ರದ ಅಂಟದ ಲೇಪನದವರಿಗೆ

ಕಣ್ಣಿಗೆ ಕಾಣದಷ್ಟು ತೆಳ್ಳಗಿದ್ದೂ ಊರಿನ ಹಾಲಿನ ಹೊಣೆ ಹೊತ್ತಿರುವ ಮಾನ್ಯ ಪಾಲಿಮರ್ ಲೇಪನದವರೇ,

ಕ್ಯಾಸಂಬಳ್ಳಿ ಹೋಬಳಿಯ ಸಣ್ಣ ಊರೊಂದರಿಂದ, ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾಗಿ ಈಗ ಒಂದೇ ಒಂದು ಹಸು ಸಾಕಿಕೊಂಡಿರುವ ವೆಂಕಟರತ್ನಮ್ಮ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವಂತಿಲ್ಲ; ತಾವು ಕ್ಷೇಮವಾಗಿರಲಿಲ್ಲ ಎನ್ನುವುದೇ ನನ್ನ ದೂರು.

ಕಳೆದ ತಿಂಗಳು ಕಾಲೇಜಿನ ಸಂಶೋಧಕರು ಪ್ರಯೋಗಕ್ಕೆಂದು ನಮ್ಮೂರ ಡೈರಿಯಲ್ಲಿ ಒಂದು ಯಂತ್ರ ಇಟ್ಟರು. ಹಸುವಿಗೆ ಕೊಟ್ಟ ಔಷಧಿ ಹಾಲಿಗೆ ಇಳಿದಿದ್ದರೆ ಅದು ಕೆಂಪು ದೀಪ ಹತ್ತಿಸುತ್ತದೆ. ಅದರೊಳಗೆ ಉಗುರಿನಷ್ಟು ಅಗಲದ ಸೆನ್ಸರ್. ಅದರ ಮೇಲೆ ತಮ್ಮ ವಾಸ. ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವ ಹಾಲಿನ ಪ್ರೋಟೀನನ್ನು ಹತ್ತಿರ ಸೇರಿಸದೆ, ಔಷಧಿಯನ್ನು ಮಾತ್ರ ಹಿಡಿಯಲು ಬಿಡುವುದು ತಮ್ಮ ಕರ್ತವ್ಯ. ಬಂದವರನ್ನೆಲ್ಲ ಬಾಗಿಲಲ್ಲೇ ವಾಪಸು ಕಳಿಸುವ ಈ ಕಲೆಯನ್ನು ತಾವು ಯಾವ ಸರ್ಕಾರಿ ಕಚೇರಿಯಲ್ಲಿ ಕಲಿತಿರೋ ತಿಳಿಯದು.

ಡೈರಿಗೆ ದಿನಾ ಎಲ್ಲರಿಗಿಂತ ಕೊನೆಗೆ ಹೋಗುವವಳು ನಾನು. ಒಂದು ಸೋಮವಾರ ನನ್ನ ಹಾಲಿಗೆ ಕೆಂಪು ದೀಪ ಹತ್ತಿತು. ಮಂಗಳವಾರವೂ ಹತ್ತಿತು, ಬುಧವಾರವೂ. ನನ್ನ ಹಳೆಯ ವಿದ್ಯಾರ್ಥಿಯೂ ಡೈರಿಯ ಕಾರ್ಯದರ್ಶಿಯೂ ಆದ ಮುನಿಸ್ವಾಮಪ್ಪ ತಲೆ ತಗ್ಗಿಸಿಕೊಂಡು ಕ್ಯಾನನ್ನು ನನ್ನ ಕಡೆಗೇ ತಳ್ಳಿದ. "ನಾನೇನ್ ಮಾಡ್ಲಿ ಮೇಡಂ, ಮಿಷನ್ ಏಳ್ತೈತೆ," ಎಂದ. ಪಕ್ಕದ ಮನೆಯ ಕನಕಮ್ಮ ಎಲ್ಲರಿಗೂ ಕೇಳುವಂತೆ, "ಅಸೂಗೆ ಏನ್ ಸೂಜಿ ಆಕ್ಸಿದ್ರಿ ಟೀಚರಮ್ಮ?" ಎಂದು ವಿಚಾರಿಸಿದಳು. ಒಂದು ವರ್ಷದಿಂದ ನಾನು ಆ ಹಸುವಿಗೆ ಒಂದು ಮಾತ್ರೆಯನ್ನೂ ಕೊಟ್ಟಿರಲಿಲ್ಲ. ಆ ಸಂಜೆ, ದಿನಾ ಮಜ್ಜಿಗೆಗೆ ಬರುತ್ತಿದ್ದ ಕನಕಮ್ಮನ ಮೊಮ್ಮಗಳು ಬರಲಿಲ್ಲ. ಎತ್ತಿಟ್ಟಿದ್ದ ಮಜ್ಜಿಗೆಯನ್ನು ಕರಿಬೇವಿನ ಬುಡಕ್ಕೆ ಸುರಿಯುವಾಗ, ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸಿಕೊಂಡು ಬಂದವಳಿಗೆ ಕಣ್ಣು ತುಂಬಿತು. ಖಾಲಿ ಚೊಂಬಿನ ಒಳಗೆಲ್ಲ ಮಜ್ಜಿಗೆ ಅಂಟಿಕೊಂಡಿತ್ತು. ಅದನ್ನು ನೋಡುತ್ತ ಅನುಮಾನ ಬಂತು: ನನಗಿಂತ ಮುಂಚಿನ ನಲವತ್ತು ಮನೆಯ ಹಾಲೂ ಯಂತ್ರದಲ್ಲಿ ಏನಾದರೂ ಬಿಟ್ಟು ಹೋಗುತ್ತಿದೆಯೇ?

ಗುರುವಾರ ಎಲ್ಲರಿಗಿಂತ ಮೊದಲೇ ಹೋಗಿ ನಿಂತೆ. ಹಸಿರು ದೀಪ. ಹಾಲು ಹಾಕಿದ ಮೇಲೂ ಮನೆಗೆ ಹೋಗದೆ ಅಲ್ಲೇ ಕೂತೆ. ಕೊನೆಗೆ ಬಂದವಳು ಕಾರ್ಯದರ್ಶಿಯ ಹೆಂಡತಿ ಕಲ್ಪನ. ಕೆಂಪು. ಮುನಿಸ್ವಾಮಪ್ಪ ಕಾಲೇಜಿಗೆ ಫೋನು ಮಾಡಿದ.

ಯಂತ್ರ ಇಟ್ಟವರಲ್ಲಿ ಒಬ್ಬಳಾದ ಕೆ.ಜಿ.ಎಫ್. ಹುಡುಗಿ ವನಿತಾ ಮಧ್ಯಾಹ್ನದ ಬಸ್ಸಿಗೇ ಬಂದಳು. ಸೆನ್ಸರನ್ನು ಭೂತಗನ್ನಡಿಯಲ್ಲಿ ನೋಡಿ, "ಇದೇನ್ ಸಾರ್ ಇಷ್ಟು ಗೀರು? ಯಾರು ಉಜ್ಜಿದ್ದು?" ಎಂದಳು.

"ನಾನೇ ಕಣಮ್ಮ. ಬಾನುವಾರದಿಂದ ದಿನಾ ಸಂಜೆ ತೆಂಗಿನ ನಾರಲ್ಲಿ, ಸೋಪಿನ ಪುಡಿ ಆಕಿ ತಿಕ್ತಾ ಇವ್ನಿ. ಕ್ಲೀನಾಗಿರ್ಲಿ ಅಂತ," ಎಂದ ಮುನಿಸ್ವಾಮಪ್ಪ.

ಮೊದಲ ತಿಕ್ಕಿಗೇ ತಾವು ನಾರಿನ ಜೊತೆ ಹೊರಟುಹೋಗಿದ್ದಿರಂತೆ. ತಾವು ತೆರವು ಮಾಡಿದ ಜಾಗದಲ್ಲಿ, ಸಂಜೆ ತಿಕ್ಕಿದರೆ ಹೋಗುತ್ತಿದ್ದ ಪ್ರೋಟೀನು ಬೆಳಗ್ಗೆ ಮತ್ತೆ ಮನೆ ಮನೆಗೂ ಒಂದಿಷ್ಟು ಕೂತು, ಕೊನೆಯವರ ಸರದಿ ಬರುವ ಹೊತ್ತಿಗೆ ಯಂತ್ರ ಅದನ್ನೇ ಔಷಧಿ ಎಂದು ಭಾವಿಸುತ್ತಿತ್ತಂತೆ. ಕೆಲಸದಲ್ಲಿರುವಾಗ ಯಾರಿಗೂ ಕಾಣದೆ, ಬಿಟ್ಟುಹೋದ ಮೇಲೆ ಇಡೀ ಊರಿಗೆ ಗೊತ್ತಾಗುವ ಅಧಿಕಾರಿಗಳನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ಆದ್ದರಿಂದ ಕೋರಿಕೆ ಇಷ್ಟೇ: ದಯವಿಟ್ಟು ನನ್ನ ಹೆಸರಿನ ಮೇಲೆ ಒಂದು ಪದರ ಹರಡಿಕೊಳ್ಳಿ, ಕನಕಮ್ಮನ ನಾಲಿಗೆಯ ಮೇಲೆ ಎರಡು.

ಶುಕ್ರವಾರ ಹೊಸ ಸೆನ್ಸರ್ ಬಂತು, ಅದರ ಮೇಲೆ ತಾವೂ ಮರಳಿ ಬಂದಿರಿ. ಮುನಿಸ್ವಾಮಪ್ಪ ಸಾಲಿನ ಮುಂದೆ ನಿಂತು, "ತಪ್ಪು ನಂದು. ಮೇಡಂ ಆಲಲ್ಲಿ ಏನೂ ಇರ್ನಿಲ್ಲ," ಎಂದು ಹೇಳಿದ. ಸಂಜೆ ಮೊಮ್ಮಗಳು ಬಂದಳು. ಚೊಂಬು ತುಂಬಿ ಕೊಟ್ಟೆ. ಕನಕಮ್ಮ ಇನ್ನೂ ನನ್ನ ಮುಖ ನೋಡಿಲ್ಲ. ನನಗೂ ಅವಸರವಿಲ್ಲ.

ತಮ್ಮಷ್ಟು ಸಲೀಸಾಗಿ ಜಾರಿಕೊಳ್ಳಲು ಬಾರದ,
ತಮ್ಮ ವಿಶ್ವಾಸಿ,
ವೆಂಕಟರತ್ನಮ್ಮ

ವಿ.ಸೂ.: ಡೈರಿಯ ಗೋಡೆಗೆ 'ಸೆನ್ಸರ್ ಉಜ್ಜಬಾರದು' ಎಂದು ಬರೆದುಕೊಟ್ಟಿದ್ದೆ. ಬೇತಮಂಗಲದ ಪೇಂಟರು 'ಸೆನ್ಸರ್ ಉಬ್ಬಬಾರದು' ಎಂದು ಬರೆದು ಹೋಗಿದ್ದಾರೆ. ತಿದ್ದಲೆಂದು ಬ್ರಷ್ ಹಿಡಿದು ಹೋದವಳು, ಈಗ ಮೂರು ದಿನದಿಂದ ತಮ್ಮನ್ನು ನೋಡಲು ಬರುತ್ತಿರುವ ಜನರನ್ನು ಕಂಡು, ತಮಗೆ ಆ ಬುದ್ಧಿಮಾತೂ ಬೇಕಾದೀತು, ಹಾಗೆಯೇ ಇರಲಿ ಎಂದು ವಾಪಸು ಬಂದೆ.