ಹೊತ್ತು ಮುಳುಗುವ ಮೊದಲಿನ ಗುಳಿಗೆ

ಹೆಸರುಕಾಳಿಗಿಂತ ತುಸು ದೊಡ್ಡದಾದ ಒಂದು ಬಿಳಿ ಗುಳಿಗೆ ಒಬ್ಬ ಗಂಡಸನ್ನು ದಿನಾ ಸಂಜೆ ಸಂಕೇಶ್ವರದ ಬಜಾರದ ತುಂಬ ಓಡಿಸಬಲ್ಲದು ಎಂದರೆ ಯಾರೂ ನಂಬಲಿಕ್ಕಿಲ್ಲ. ಪಾತ್ರೆ-ಭಾಂಡೆ ಅಂಗಡಿಯ ಸಮ್ಮೇದನೂ ನಂಬುತ್ತಿರಲಿಲ್ಲ, ಆ ಗುಳಿಗೆಯ ಪಟ್ಟಿ ತನ್ನ ಅಂಗಿಯ ಕಿಸೆಗೇ ಬಂದು ಕೂಡುವವರೆಗೆ.

ಮೊದಲ ಹೆರಿಗೆಯಲ್ಲಿ ಅವನ ಹೆಂಡತಿ ಶ್ರದ್ಧಾ ಸಾವಿನ ದವಡೆಯಿಂದ ಪಾರಾಗಿ ಬಂದಿದ್ದಳು. ಡಾಕ್ಟರಮ್ಮ ಸಮ್ಮೇದನನ್ನು ಬದಿಗೆ ಕರೆದು, "ಇನ್ನ ಎರಡು ವರ್ಷ ಮತ್ತೊಂದು ಕೂಸಿನ ಮಾತು ತಗೀಬ್ಯಾಡ್ರಿ. ಆಕಿ ಜೀವಕ್ಕ ಒಳ್ಳೇದಲ್ಲ" ಎಂದಿದ್ದರು. ಆ ಮಾತನ್ನು ಅವ್ವ ಜಿನ್ನವ್ವನ ಮುಂದೆ ಹೇಳಿದರೆ, "ನಾ ಏಳು ಹಡದೇನಿ, ಯಾವ ಡಾಕ್ಟರ್ ಬಂದಿದ್ದ?" ಎಂದು ಮಗನ ಬಾಯಿ ಮುಚ್ಚಿಸಿದಳು. ಮೊಮ್ಮಗಳಿಗೊಬ್ಬ ತಮ್ಮ ಬೇಕೆಂಬುದು ಅವಳ ಹಟ. ಹೀಗಾಗಿ ದವಾಖಾನೆಯ ಸಿಸ್ಟರ್ ಕೊಟ್ಟ ಗುಳಿಗೆ ಪಟ್ಟಿ ಆ ಮನೆಯನ್ನು ಕಳ್ಳನ ಹಾಗೆ ಹೊಕ್ಕಿತು.

ಹೊಕ್ಕ ಗಳಿಗೆಯೇ ಸರಿಯಿರಲಿಲ್ಲ. ಶ್ರದ್ಧಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಿ ಓಕರಿಸಿದಳು. ಆ ಸದ್ದು ಕೇಳಿದ್ದೇ ತಡ, ಜಿನ್ನವ್ವ ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು. ಸಂಜೆಗಿರಲಿ ಎಂದು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡದ್ದು ಬಟ್ಟೆ ಒಗೆಯುವಾಗ ಕರಗಿ ನೀರುಪಾಲಾಯಿತು. ಬೇರೆಲ್ಲಾದರೂ ಬಚ್ಚಿಡೋಣವೆಂದರೆ ಜಿನ್ನವ್ವನ ಕೈ ಹೋಗದ ಮೂಲೆ ಆ ಮನೆಯಲ್ಲಿರಲಿಲ್ಲ. ಕೊನೆಗೆ ಸಮ್ಮೇದನೇ ಪಟ್ಟಿಯ ಉಸಾಬರಿ ವಹಿಸಿಕೊಂಡ. ವಹಿಸಿಕೊಂಡ ಮೊದಲ ದಿನವೇ ಬಿಳಿಯದನ್ನು ಬಿಟ್ಟು ತುದಿಯ ಕಂದು ಗುಳಿಗೆ ಬಿಡಿಸಿಕೊಟ್ಟ.

ಗಂಡಹೆಂಡತಿ ಇಬ್ಬರೂ ಸಿಸ್ಟರ್ ಹತ್ತಿರ ಓಡಿದರು.

"ಕಂದು ಗುಳಿಗಿ ಬರೇ ರಕ್ತ ಹೆಚ್ಚಿಸೂದು, ಅದು ಬಸರು ತಡಿಯಂಗಿಲ್ಲ. ಬಾಣದ ಗುರುತು ಹಿಡಕೊಂಡು ಬಿಳೇವು ಮೊದಲ ಮುಗಸ್ರಿ" ಎಂದರು ಸಿಸ್ಟರ್. "ಸಂಜಿ ಊಟಾದ ಮ್ಯಾಲೆ, ದಿನಾ ಅದ ಹೊತ್ತಿಗೆ ತಗೋರಿ. ಒಂದು ತಪ್ಪಿದ್ರ ನೆನಪಾದ ಕೂಡ್ಲೆ ನುಂಗ್ರಿ, ಅವತ್ತಿಂದೂ ಅದರ ಹೊತ್ತಿಗೆ ನುಂಗ್ರಿ. ಒಂದ ದಿನಕ್ಕ ಎರಡಾದ್ರೂ ಅಂಜಬ್ಯಾಡ್ರಿ. ಒಂದರ ಬೆನ್ನಿಗೊಂದು ಎರಡು ತಪ್ಪಿದ್ರ ಮಾತ್ರ ಗುಳಿಗಿ ಬಿಡದ ಒಂದು ವಾರ ದೂರ ಇರ್ರಿ, ಇಲ್ಲಾ ನಿರೋಧ ಬಳಸ್ರಿ."

ಸಂಜೆ ಊಟವೆಂದರೆ ಆ ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲು. ಹೊತ್ತು ಮುಳುಗಿದ ಮೇಲೆ ಶ್ರದ್ಧಾ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಆದ್ದರಿಂದ ಸಮ್ಮೇದ ದಿನಾ ಸಂಜೆ, ತಂಬಿಗೆ ತೂಗಿಸುತ್ತಿದ್ದ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು, ಪಡುವಣಕ್ಕೊಮ್ಮೆ ನೋಡಿ ಲೂನಾ ಹತ್ತುತ್ತಿದ್ದ. ಅದು ಚಾಲೂ ಆಗದಿದ್ದರೆ ಅಲ್ಲೇ ಬಿಟ್ಟು ಓಡುತ್ತಿದ್ದ. ಇಷ್ಟು ಸಣ್ಣ ವಸ್ತುವಿಗೆ ಸೂರ್ಯನ ಜೊತೆ ಪಂದ್ಯ ಹೂಡಿಸುವ ಶಕ್ತಿ ಎಲ್ಲಿಂದ ಬಂತೋ ಎಂದು ಅವನಿಗೆ ಪ್ರತಿ ಸಂಜೆಯೂ ಸೋಜಿಗ.

ಬಜಾರದವರಿಗೆ ಸೋಜಿಗವಾದದ್ದು ಬೇರೆ. ಇಷ್ಟು ಸಣ್ಣ ವಯಸ್ಸಿನಲ್ಲಿ, ವ್ಯಾಪಾರವನ್ನೂ ಲೆಕ್ಕಿಸದೆ, ಹೊತ್ತು ಮುಳುಗುವ ಮುಂಚೆ ಉಣ್ಣಬೇಕೆಂದು ಮನೆಗೆ ಓಡುವ ಧರ್ಮನಿಷ್ಠನನ್ನು ಅವರು ಕಂಡಿರಲಿಲ್ಲ. ಬಾಜೂ ಅಂಗಡಿಯ ಗೊಮ್ಮಟೇಶ ಕಾಕಾ ಈ ಸುದ್ದಿಯನ್ನು, ಚಾತುರ್ಮಾಸಕ್ಕೆ ಊರಲ್ಲಿ ಬೀಡುಬಿಟ್ಟಿದ್ದ ಮುನಿ ಮಹಾರಾಜರಿಗೂ ಮುಟ್ಟಿಸಿದ್ದರು. ಊರ ಉಸಾಬರಿಯೇ ಕಾಕಾರ ಉದ್ಯೋಗ. ಬಟ್ಟೆ ಅಂಗಡಿ ನೆಪಕ್ಕೆ.

ಅವತ್ತು ಸಂಜೆ ಸಮ್ಮೇದ ಅಂಗಡಿಯಿಂದ ಇಳಿಯುವಷ್ಟರಲ್ಲಿ ಗೊಮ್ಮಟೇಶ ಕಾಕಾ ಲೂನಾದ ಹ್ಯಾಂಡಲ್ ಹಿಡಿದು ನಿಂತಿದ್ದರು.

"ನಡೀಪಾ ಬಸದಿಗೆ. ಇವತ್ತು ನಿನಗ ಸತ್ಕಾರ ಐತಿ."

"ಹೊತ್ತು ಮುಳುಗತೈತ್ರಿ ಕಾಕಾ, ನಾ ಮನಿಗೆ ಹೋಗಬೇಕು."

"ನೋಡ್ರೆಪಾ, ಇದಕ್ಕ ಸತ್ಕಾರ" ಎಂದು ಕಾಕಾ ಸುತ್ತ ನಿಂತವರಿಗೆ ತೋರಿಸಿದರು. ನಾಲ್ಕು ಜನ ಕೂಡಿ ಅವನನ್ನು ಮದುವೆಯ ನವರದೇವನಂತೆ ನಡೆಸಿಕೊಂಡು ಹೋದರು.

ಜೈನರ ಸಭೆ, ಊಟದ ಹೊತ್ತಿಗೆ ಮುಗಿದೇ ಮುಗಿಯುತ್ತದೆ ಎಂದು ಸಮ್ಮೇದ ಸಮಾಧಾನ ತಂದುಕೊಂಡ. ಆದರೆ ಸಭೆ ತಡವಾಗಬಹುದೆಂದು ಎಲ್ಲರೂ ಮೊದಲೇ ಉಂಡು ಬಂದಿದ್ದರು. ಹೆಂಗಸರ ಸಾಲಿನಲ್ಲಿ ಜಿನ್ನವ್ವ ಹೊಸ ಇಳಕಲ್ ಸೀರೆಯುಟ್ಟು ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಶ್ರದ್ಧಾ ಮಾತ್ರ ಮನೆಯಲ್ಲಿ, ಗುಳಿಗೆಯ ದಾರಿ ಕಾಯುತ್ತ.

ಶಾಲು ಬಂತು, ಪೇಟ ಬಂತು, ಹಾರ ಬಂತು. ಗೊಮ್ಮಟೇಶ ಕಾಕಾ ಮೈಕು ಹಿಡಿದರು. ಸೂರ್ಯ ಮುಳುಗುವ ಮುಂಚೆ ಮನೆ ಮುಟ್ಟುವುದನ್ನು ಈ ಹುಡುಗ ಒಂದು ದಿನವೂ ತಪ್ಪಿಸಿಲ್ಲ ಎಂಬುದನ್ನು ಅವರು ಎಷ್ಟು ವಿಸ್ತಾರವಾಗಿ ಹೇಳಿದರೆಂದರೆ, ಕಿಟಕಿಯಾಚೆ ಸೂರ್ಯ ಅದನ್ನು ಕೇಳುತ್ತಲೇ ಮೋಡದೊಳಗೆ ಇಳಿಯತೊಡಗಿದ. ಸಮ್ಮೇದನ ಒಂದು ಕೈ ಕಿಸೆಯ ಪಟ್ಟಿಯ ಮೇಲೆ, ಎರಡೂ ಕಣ್ಣು ಕಿಟಕಿಯ ಮೇಲೆ. ಅವನ ಕಣ್ಣಿಗೆ ಕಂಡದ್ದು ಮಾತ್ರ ಶ್ರದ್ಧಾ ಒಳಗಿದ್ದ ಹೆರಿಗೆ ಕೋಣೆಯ ಬಾಗಿಲು.

ಮೈಕಿನಲ್ಲಿ ಕಾಕಾ ಏನೋ ಕೇಳಿದರು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಸಮ್ಮೇದನಿಗೆ ತಿಳಿಯಿತೇ ಹೊರತು ಕೇಳಿದ್ದೇನೆಂದು ತಿಳಿಯಲಿಲ್ಲ. ಇನ್ನೊಮ್ಮೆ ಕೇಳಲು ಹೊತ್ತೆಲ್ಲಿದೆ?

"ಆಗ್ಲಿ ಕಾಕಾ, ಆಗ್ಲಿ. ನೀವು ಅಂದಾಂಗ ಆಗ್ಲಿ" ಎಂದು ಎದ್ದು ಕೈಮುಗಿದ.

ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವದಿಸಿದರು. ಬಸದಿ ಜಯಕಾರದಿಂದ ತುಂಬಿತು. ಮುದುಕರು ಅವನನ್ನು ಬೆರಗಿನಿಂದ ನೋಡಿದರು. ಹೊಸದಾಗಿ ಮದುವೆಯಾದವರು ಕನಿಕರದಿಂದ ನೋಡಿದರು. ಆಮೇಲೆ ಒಬ್ಬೊಬ್ಬರೂ ಬಂದು ಕೈ ಹಿಡಿದು ಬಿಡದೆ ನಿಲ್ಲಿಸಿಕೊಂಡರು. "ಇವತ್ತ ಊಟಾನೂ ಬಿಟ್ನಲ್ಲೋ ಮಾರಾಯಾ" ಎಂದು ಅದಕ್ಕೂ ಹೊಗಳಿದರು. ಅವನು ಹೊರಗೆ ಬಂದಾಗ ಬೀದಿದೀಪ ಹತ್ತಿದ್ದವು.

ಮನೆ ಬಾಗಿಲಲ್ಲಿ ಜಿನ್ನವ್ವ ಆರತಿ ಹಿಡಿದು ನಿಂತಿದ್ದಳು. ಅವಳನ್ನು ದಾಟಿ ಸಮ್ಮೇದ ಅಡುಗೆ ಮನೆಗೆ ನುಗ್ಗಿದ. "ತಪ್ಪಿತು ಶ್ರದ್ಧಾ, ಇವತ್ತಿಂದು ತಪ್ಪಿಹೋತು" ಎಂದಾಗ ಅವನ ದನಿ ಅಳುವವನಂತಿತ್ತು.

"ಯಾಕ ಇಷ್ಟ ಅಂಜತೀರಿ? ಒಂದ ತಪ್ಪೇತಲ್ಲ" ಎಂದಳು ಶ್ರದ್ಧಾ ಮೆಲ್ಲಗೆ. "ಹೊತ್ತು ಹುಟ್ಟಿದ ಕೂಡ್ಲೆ ಇವತ್ತಿಂದು, ಸಂಜಿಕ ನಾಳಿಂದು. ಸಿಸ್ಟರ್ ಹೇಳಿದ್ದು ಮರತ್ರೇನು?"

ಸಮ್ಮೇದನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಕಡೆ ಪ್ರೀತಿಯಿಂದ ಒಂದು ಹೆಜ್ಜೆ ಇಟ್ಟ.

"ಅಲ್ಲೇ ನಿಂದರ್ರಿ, ಅತ್ತಿ ಎಲ್ಲಾ ಹೇಳ್ಯಾರ" ಎಂದಳು ಅವಳು.

ಅಷ್ಟರಲ್ಲಿ ಜಿನ್ನವ್ವ ಬಂದು ಮಗನ ತಲೆ ಸವರಿದಳು. "ಮೊಮ್ಮಗ ತಡಾ ಆದ್ರ ಆಗ್ಲಿ ತಮ್ಮಾ. ಚಾತುರ್ಮಾಸ ಮುಗಿಯೂತನಕ ಬ್ರಹ್ಮಚರ್ಯ ಪಾಲಸ್ತೇನಿ ಅಂತ ಮಹಾರಾಜರ ಮುಂದ ಕೈಮುಗದು ಹೇಳಿದೆಲ್ಲ, ನನ್ನ ಹೊಟ್ಟಿ ತಣ್ಣಗಾತು. ನಿನ್ನ ಹಾಸಿಗಿ ಪಡಸಾಲ್ಯಾಗ ಹಾಕೇನಿ, ನಂದು ಅದರ ಬಾಜೂಕ."

ಅವ್ವ ಹಾಸಿಗೆ ಸರಿಮಾಡಲು ಹೋದಮೇಲೆ ಸಮ್ಮೇದ ಕಿಸೆಯಿಂದ ಪಟ್ಟಿ ತೆಗೆದು ನೋಡಿ, "ಹಂಗಾರ ಇನ್ನ ಈ ಗುಳಿಗಿ ಓಟಾದ್ರೂ ತಪ್ಪಿತು" ಎಂದು ನಿಟ್ಟುಸಿರುಬಿಟ್ಟ.

"ಎಲ್ಲಿ ತಪ್ಪತೈತಿ?" ಶ್ರದ್ಧಾ ಪಟ್ಟಿಯನ್ನು ಅವನ ಕಿಸೆಗೇ ತಿರುಗಿ ಹಾಕಿದಳು. "ವ್ರತಾ ಹಿಡದವರು ನೀವು. ನಿಮ್ಮ ವ್ರತದ ಮ್ಯಾಲೆ ನನಗೇನ ಅಷ್ಟು ಭರೋಸಾ ಇಲ್ಲ. ನಾಳಿ ಸಂಜಿಕ ತಡಾ ಮಾಡಬ್ಯಾಡ್ರಿ."

ಮರುದಿನ ಸಂಜೆ ಸಮ್ಮೇದ ಅಂಗಡಿಯಿಂದ ಇಳಿದಾಗ ಲೂನಾ ಚಾಲೂ ಆಗಲಿಲ್ಲ. ಅವನು ಓಡಿದ. ಬಜಾರದ ಎರಡೂ ಬದಿಯ ಅಂಗಡಿಕಾರರು ಎದ್ದು ನಿಂತು ಕೈಮುಗಿದರು.